ಆಕಾಶದ ಕೆಂಪು, ನೆತ್ತರಿನ ಲೆಕ್ಕ

2024ರ ಮೇ 10ರ ರಾತ್ರಿ, ಲಡಾಖಿನ ಹಾನ್ಲೆಯಲ್ಲಿರುವ ವೀಕ್ಷಣಾಲಯದ ಕ್ಯಾಮೆರಾಗಳು ಆಕಾಶದಲ್ಲಿ ಹರಡಿದ ಕೆಂಬೆಳಕೊಂದನ್ನು ಸೆರೆಹಿಡಿದವು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ನಡೆಸುವ ವೀಕ್ಷಣಾಲಯವದು. ಧ್ರುವ ಪ್ರದೇಶಗಳ ನೋಟವೆಂದೇ ನಾವು ತಿಳಿದಿದ್ದ ಬೆಳಕು ಭಾರತದ ಗಡಿಯೊಳಗೆ ಕಂಡಿತೆಂದು ಪತ್ರಿಕೆಗಳು ಸಂಭ್ರಮಪಟ್ಟವು. ಹೆದರಿದವರು ಯಾರೂ ಇದ್ದಂತಿಲ್ಲ.

1938ರ ಜನವರಿ 25ರ ರಾತ್ರಿ ಹಾಗಿರಲಿಲ್ಲ. ಅಂದು ಯೂರೋಪಿನ ಉದ್ದಗಲಕ್ಕೂ, ದಕ್ಷಿಣದ ಪೋರ್ಚುಗಲ್‌ವರೆಗೂ, ಆಕಾಶ ಕೆಂಪಾಯಿತು. ಇಂಗ್ಲೆಂಡಿನಲ್ಲಿ ವಿಂಡ್ಸರ್ ಅರಮನೆಗೆ ಬೆಂಕಿ ಬಿದ್ದಿತೆಂದು ಜನ ಭಾವಿಸಿದರು. ಕೆಂಪು ಆಕಾಶವೆಂದರೆ ನೆತ್ತರು, ನೆತ್ತರೆಂದರೆ ಯುದ್ಧ ಎಂಬುದು ಅಲ್ಲಿನ ಹಳ್ಳಿಗರ ಬಹಳ ಹಳೆಯ ನಂಬಿಕೆ. ಫಾತಿಮಾದಲ್ಲಿ ಮಾತೆ ಮರಿಯಮ್ಮನವರ ದರ್ಶನ ಪಡೆದ ಧರ್ಮಭಗಿನಿ ಲೂಸಿಯಾ ಅವರೂ ಆ ಬೆಳಕನ್ನು ಬರಲಿರುವ ಯುದ್ಧದ ಸೂಚನೆಯೆಂದೇ ಗ್ರಹಿಸಿದರೆಂಬುದನ್ನು ನಮ್ಮ ಓದುಗರಲ್ಲಿ ಅನೇಕರು ಬಲ್ಲರು. ಅದರ ವಿಶ್ವಾಸದ ಅರ್ಥವನ್ನು ಚರ್ಚಿಸುವುದು ಈ ಲೇಖನದ ಉದ್ದೇಶವಲ್ಲ. ನೆತ್ತರಿನಂತೆ ಕಂಡದ್ದು ಏನಾಗಿತ್ತು, ಅದೇ ಕಾಲದಲ್ಲಿ ನಿಜವಾದ ನೆತ್ತರಿನಲ್ಲಿ ಮನುಷ್ಯ ಏನನ್ನು ಹುಡುಕುತ್ತಿದ್ದ ಎಂಬುದಷ್ಟೇ ಇಲ್ಲಿಯ ವಿಷಯ.

ಕಂಡದ್ದು ಆಮ್ಲಜನಕ; ನಾವು ಉಸಿರಾಡುವುದೇ. ಸೂರ್ಯನ ಪ್ರಕ್ಷೋಭೆಯಿಂದ ಚುರುಕುಗೊಂಡ ಎಲೆಕ್ಟ್ರಾನುಗಳು ಭೂಮಿಯ ಕಾಂತಕ್ಷೇತ್ರದ ಗುಂಟ ಇಳಿದು ವಾಯುಮಂಡಲದ ಪರಮಾಣುಗಳಿಗೆ ಬಡಿಯುತ್ತವೆ. ಇನ್ನೂರು ಕಿಲೋಮೀಟರಿಗೂ ಮೇಲೆ ಗಾಳಿ ತೀರ ವಿರಳ. ಅಲ್ಲಿ ಪೆಟ್ಟು ತಿಂದ ಆಮ್ಲಜನಕದ ಪರಮಾಣು ಸುಮಾರು ಎರಡು ನಿಮಿಷ ಆ ಶಕ್ತಿಯನ್ನು ಹಿಡಿದಿಟ್ಟುಕೊಂಡು, ನಂತರ ಕೆಂಪು ಬೆಳಕಾಗಿ ಬಿಡುತ್ತದೆ. ಕೆಳಗಿನ ದಟ್ಟ ಗಾಳಿಯಲ್ಲಿ ಅಷ್ಟು ಹೊತ್ತು ಕಾಯಲು ಬಿಡುವಿಲ್ಲ. ನೆರೆಯ ಕಣಗಳು ಬಡಿದು ಆ ಶಕ್ತಿಯನ್ನು ಕಸಿಯುತ್ತವೆ. ಆದ್ದರಿಂದ ಅಲ್ಲಿ ಬೇಗ ಹೊರಬೀಳುವ ಹಸಿರೇ ಪ್ರಧಾನ. ದೂರದ ದಕ್ಷಿಣದವರಿಗೆ ಹಸಿರು ಭಾಗ ದಿಗಂತದ ಮರೆಗೆ ಹೋಗಿ, ಮೇಲಿನ ಕೆಂಪು ಮಾತ್ರ ಉಳಿಯುತ್ತದೆ. ಭಯ ಹುಟ್ಟಿಸಿದ್ದು ಇಷ್ಟೇ.

ಧ್ರುವಪ್ರಭೆಗೆ ಸೂರ್ಯನಿಂದ ಬರುವ ವಿದ್ಯುತ್ ಕಣಗಳು ಕಾರಣವೆಂದು 1896ರಲ್ಲಿಯೇ ಹೇಳಿದವನು ನಾರ್ವೆಯ ಕ್ರಿಸ್ಟಿಯನ್ ಬರ್ಕ್‌ಲ್ಯಾಂಡ್. ಗಾಳಿ ತೆಗೆದ ಪೆಟ್ಟಿಗೆಯೊಳಗೆ ಕಾಂತೀಯಗೊಳಿಸಿದ ಪುಟ್ಟ ಗೋಳವೊಂದನ್ನಿಟ್ಟು, ಅದರ ಧ್ರುವಗಳ ಸುತ್ತ ಬೆಳಕಿನ ಉಂಗುರ ಮೂಡಿಸಿ ತೋರಿಸಿದ. ಪಂಡಿತರು ಒಪ್ಪಲಿಲ್ಲ. 1917ರಲ್ಲಿ ಟೋಕಿಯೋದಲ್ಲಿ ಅವನು ತೀರಿಕೊಂಡ ಮೇಲೆ ಅರ್ಧ ಶತಮಾನ ಕಳೆದು, 1960ರ ದಶಕದ ಕೊನೆಗೆ ಉಪಗ್ರಹಗಳ ಅಳತೆಗಳು ಅವನು ಊಹಿಸಿದ್ದ ವಿದ್ಯುತ್ ಪ್ರವಾಹಗಳನ್ನು ಗುರುತಿಸಿದವು. ಅವನು ಕಳೆದುಕೊಂಡದ್ದು ಬದುಕಿದ್ದಾಗ ಸಲ್ಲಬೇಕಿದ್ದ ಮನ್ನಣೆಯನ್ನು. ನೆತ್ತರನ್ನು ಅರಿಯಲು ಹೊರಟ ಇನ್ನೊಬ್ಬ ವಿಜ್ಞಾನಿ ತೆತ್ತ ಬೆಲೆ ಇದಕ್ಕಿಂತ ಬಹಳ ದೊಡ್ಡದು.

ಅವರ ಹೆಸರು ಲುಡ್ವಿಕ್ ಹಿರ್ಷ್‌ಫೆಲ್ಡ್. ಪೋಲೆಂಡಿನ ಯೆಹೂದಿ ಮನೆತನದವರು. ಮುಂದೆ ಕಥೋಲಿಕ ಧರ್ಮಸಭೆಗೆ ಸೇರಿದವರು. ರಕ್ತದ ಗುಂಪುಗಳನ್ನು ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ಪ್ರಕಟಪಡಿಸಿದ್ದರಷ್ಟೆ. ಅವು ತಂದೆ ತಾಯಿಯರಿಂದ ಮಕ್ಕಳಿಗೆ ಮೆಂಡೆಲ್‌ನ ನಿಯಮದಂತೆಯೇ ಇಳಿದು ಬರುತ್ತವೆಂದು 1910ರಲ್ಲಿ ಜರ್ಮನಿಯ ಹೈಡಲ್‌ಬರ್ಗಿನಲ್ಲಿ ತೋರಿಸಿದವರು ಎಮಿಲ್ ಫಾನ್ ಡುಂಗರ್ನ್ ಮತ್ತು ಹಿರ್ಷ್‌ಫೆಲ್ಡ್. ಇಂದು ಆಸ್ಪತ್ರೆಯ ಚೀಟಿಯ ಮೇಲೆ ನಾವು ಕಾಣುವ ಎ, ಬಿ, ಓ ಎಂಬ ಹೆಸರುಗಳೂ ಅವರಿಂದಲೇ ರೂಢಿಗೆ ಬಂದವು.

ಮೊದಲನೆಯ ಮಹಾಯುದ್ಧದಲ್ಲಿ ಅವರು ಪತ್ನಿ ಹಾನ್ನಾರೊಡನೆ ಸರ್ಬಿಯಾಕ್ಕೆ ಹೋದರು. ಅಲ್ಲಿ ಹೇನುಗಳಿಂದ ಹರಡುವ ಟೈಫಸ್ ಜ್ವರ ಸೈನಿಕರನ್ನೂ ವೈದ್ಯರನ್ನೂ ಸಾಲುಸಾಲಾಗಿ ಕೊಲ್ಲುತ್ತಿತ್ತು. ಸರ್ಬಿಯಾ ಸೋತ ಬಳಿಕ ಈ ವೈದ್ಯ ದಂಪತಿಗಳು ನೆಲೆ ನಿಂತದ್ದು ಸಾಲೊನಿಕಾದಲ್ಲಿ, ಅಂದರೆ ಸಂತ ಪೌಲರು ಪತ್ರಗಳನ್ನು ಬರೆದ ಥೆಸಲೋನಿಕದಲ್ಲಿ. ಅಲ್ಲಿ ಬೀಡುಬಿಟ್ಟಿದ್ದ ಸೇನೆಗಳಲ್ಲಿ ಇಂಗ್ಲಿಷರು, ಫ್ರೆಂಚರು, ಸರ್ಬರು, ಗ್ರೀಕರು, ಆಫ್ರಿಕದವರು, ನಮ್ಮ ಭಾರತದ ಸಿಪಾಯಿಗಳು ಎಲ್ಲರೂ ಇದ್ದರು. ಜಗತ್ತೇ ಒಂದು ಶಿಬಿರದಲ್ಲಿ ಕೂಡಿದಂತಿತ್ತು. ದಂಪತಿಗಳು ಸುಮಾರು 8,000 ಜನರ ರಕ್ತ ಪರೀಕ್ಷಿಸಿದರು. ಫಲಿತಾಂಶ 1919ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಇಂಗ್ಲಿಷರಲ್ಲಿ ನೂರಕ್ಕೆ 43 ಮಂದಿ ಎ ಗುಂಪಿನವರು, ಬಿ ಗುಂಪಿನವರು ಏಳೇ ಮಂದಿ. ಭಾರತೀಯರಲ್ಲಿ ಎ 19, ಬಿ 41.

ಈ ಅಂಕಿಗಳನ್ನು ಎರಡು ಬಗೆಯಲ್ಲಿ ಓದಬಹುದಿತ್ತು. ಎಲ್ಲ ಜನಾಂಗಗಳಲ್ಲಿಯೂ ಅವೇ ಗುಂಪುಗಳಿವೆ, ಬೇರೆಯಾಗಿರುವುದು ಪ್ರಮಾಣ ಮಾತ್ರ; ಆದ್ದರಿಂದ ಒಬ್ಬ ಇಂಗ್ಲಿಷ್ ಸೈನಿಕನಿಗೆ ಅವನದೇ ಊರಿನವನ ರಕ್ತ ವಿಷವಾಗಿ, ಭಾರತದ ಸಿಪಾಯಿಯೊಬ್ಬನ ರಕ್ತ ಜೀವ ಕೊಡಬಹುದು ಎಂಬುದು ಒಂದು ಓದು. ಪ್ರಮಾಣದ ವ್ಯತ್ಯಾಸವನ್ನೇ ಹಿಡಿದು ಜನಾಂಗಗಳನ್ನು ವಿಂಗಡಿಸುವುದು ಇನ್ನೊಂದು. ಹಿರ್ಷ್‌ಫೆಲ್ಡ್ ದಂಪತಿಗಳು ಈ ಎರಡನೆಯದಕ್ಕೂ ಬಾಗಿಲು ತೆರೆದರೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಎ ಮತ್ತು ಬಿಗಳ ಅನುಪಾತಕ್ಕೆ ಅವರು ‘ಜನಾಂಗ ಸೂಚ್ಯಂಕ’ ಎಂದೇ ಹೆಸರಿಟ್ಟರು. ಮೇಲುಕೀಳಿನ ಮಾತು ಅವರ ಮನಸ್ಸಿನಲ್ಲಿರಲಿಲ್ಲ. ಆದರೆ ಅಳತೆಗೋಲು ಒಮ್ಮೆ ಕೈಬಿಟ್ಟರೆ ಯಾರ ಕೈಗಾದರೂ ಸಿಗುತ್ತದೆ. 1926ರಲ್ಲಿ ಜರ್ಮನಿಯಲ್ಲಿ ರಕ್ತದ ಗುಂಪುಗಳ ಸಂಶೋಧನೆಗೆಂದೇ ಒಂದು ಸಂಘ ಹುಟ್ಟಿತು. ಅದನ್ನು ಕಟ್ಟಿದವರಲ್ಲೊಬ್ಬನಾದ ಓಟ್ಟೊ ರೆಖೆ ಜನಾಂಗ ಶ್ರೇಷ್ಠತೆಯ ಪ್ರತಿಪಾದಕ.

1935ರ ನ್ಯೂರೆಂಬರ್ಗ್ ಶಾಸನಗಳು ‘ಜರ್ಮನ್ ರಕ್ತ’ವನ್ನು ಕಾಪಾಡುವುದಾಗಿ ಸಾರಿದವು. ಆದರೆ ಯಾರು ಯೆಹೂದಿ ಎಂದು ತೀರ್ಮಾನಿಸಲು ಒಂದು ಹನಿ ರಕ್ತವನ್ನೂ ಪರೀಕ್ಷಿಸಲಿಲ್ಲ; ಪರೀಕ್ಷಿಸಿದ್ದರೂ ಏನೂ ಸಿಗುತ್ತಿರಲಿಲ್ಲ. ನೋಡಿದ್ದು ಅಜ್ಜ ಅಜ್ಜಿಯರ ಧರ್ಮವನ್ನು. ಅದಕ್ಕೆ ಪುರಾವೆ ಎಲ್ಲಿ? ದೇವಾಲಯಗಳ ಸ್ನಾನದೀಕ್ಷೆಯ ದಾಖಲೆ ಪುಸ್ತಕಗಳಲ್ಲಿ! ದೇವರ ಮಕ್ಕಳಾದವರ ಹೆಸರು ಬರೆದಿಟ್ಟ ಪುಟಗಳಿಂದಲೇ ನಕಲು ತೆಗೆಸಿ, ‘ಶುದ್ಧ ರಕ್ತ’ದ ಪ್ರಮಾಣಪತ್ರ ಮಾಡಿಕೊಳ್ಳಲಾಯಿತು. ಧರ್ಮಕೇಂದ್ರಗಳ ಕಚೇರಿಗಳಲ್ಲಿ ಇದು ದಿನನಿತ್ಯದ ಕೆಲಸವಾಗಿತ್ತು. ನಮಗೆ ಇದನ್ನು ಓದುವಾಗ ಕಸಿವಿಸಿಯಾಗುವುದು ಸಹಜ, ಆಗಲೂಬೇಕು.

ಪೋಲೆಂಡ್ ನಾಜಿಗಳ ವಶವಾದ ಮೇಲೆ ಹಿರ್ಷ್‌ಫೆಲ್ಡರ ಸ್ನಾನದೀಕ್ಷೆಗೆ ಬೆಲೆ ಉಳಿಯಲಿಲ್ಲ. ರಕ್ತ ಆನುವಂಶಿಕವೆಂದು ತೋರಿಸಿದ ವಿಜ್ಞಾನಿಯನ್ನು ರಕ್ತದ ಹೆಸರಿನಲ್ಲಿಯೇ ಕೆಲಸದಿಂದ ತೆಗೆದು, 1941ರಲ್ಲಿ ಹೆಂಡತಿ ಮತ್ತು ಮಗಳೊಡನೆ ವಾರ್ಸಾದ ಘೆಟ್ಟೊ ಗೋಡೆಗಳೊಳಕ್ಕೆ ದೂಡಲಾಯಿತು. ಅಲ್ಲಿ ಅವರಿಗೆ ಆಶ್ರಯ ಸಿಕ್ಕಿದ್ದು ಸಕಲ ಸಂತರ ದೇವಾಲಯದ ಗುರುನಿವಾಸದಲ್ಲಿ. ಆ ದೇವಾಲಯದ ಗುರು ಮಾರ್ಸೆಲಿ ಗೊಡ್ಲೆವ್‌ಸ್ಕಿ ಯುದ್ಧಕ್ಕೆ ಮುಂಚೆ ಯೆಹೂದಿ ವಿರೋಧಿಯೆಂದು ಹೆಸರಾದವರು. ಕಣ್ಣೆದುರಿನ ನರಕ ಅವರನ್ನು ಬದಲಿಸಿತು. ಮಕ್ಕಳನ್ನು ಗೋಡೆಯಾಚೆ ದಾಟಿಸಲು ನೆರವಾದರು; ಪ್ರಾಣ ಉಳಿಸಲು ಸ್ನಾನದೀಕ್ಷೆಯ ಪತ್ರಗಳನ್ನು ಬರೆದುಕೊಟ್ಟರು. ಇತರರು ಬೇರ್ಪಡಿಸಲು ಬಳಸಿದ ಅದೇ ಕಾಗದ! 2009ರಲ್ಲಿ ಇಸ್ರೇಲಿನ ಯಾದ್ ವಾಶೆಮ್ ಅವರನ್ನು ಮರಣೋತ್ತರವಾಗಿ ‘ನೀತಿವಂತ’ರ ಪಟ್ಟಿಗೆ ಸೇರಿಸಿತು.

ಘೆಟ್ಟೊದೊಳಗೆ ಹಿರ್ಷ್‌ಫೆಲ್ಡ್ ಮತ್ತೆ ಟೈಫಸ್ಸಿನೊಡನೆ ಹೋರಾಡಿದರು. ಹಸಿದ ತರುಣರಿಗೆ ಗುಟ್ಟಾಗಿ ವೈದ್ಯಶಾಸ್ತ್ರ ಬೋಧಿಸಿದರು. 1942ರ ಬೇಸಿಗೆಯಲ್ಲಿ ಅಲ್ಲಿಂದ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಟ್ರೆಬ್ಲಿಂಕಾದ ಸಾವಿನ ಶಿಬಿರಕ್ಕೆ ಸಾಗಿಸಿದ ಆ ದಿನಗಳಲ್ಲಿ ಈ ಕುಟುಂಬ ತಪ್ಪಿಸಿಕೊಂಡಿತು. ಅಡಗಿ ಬದುಕುತ್ತಿದ್ದಾಗಲೇ, 1943ರಲ್ಲಿ, ಮಗಳು ಮರಿಯಾ ತೀರಿಕೊಂಡಳು.

ಮುಂದೆ 1972ರಲ್ಲಿ ರಿಚರ್ಡ್ ಲೆವಾಂಟಿನ್ ಎಂಬ ಅಮೆರಿಕದ ತಳಿವಿಜ್ಞಾನಿ, ರಕ್ತದ ಗುಂಪುಗಳ ಮತ್ತು ರಕ್ತದಲ್ಲಿನ ಪ್ರೋಟೀನುಗಳ ಅಂಕಿಅಂಶಗಳನ್ನು ಜಗತ್ತಿನೆಲ್ಲೆಡೆಯಿಂದ ಕಲೆಹಾಕಿ ಲೆಕ್ಕಮಾಡಿದರು. ಮನುಷ್ಯರ ನಡುವಣ ಆನುವಂಶಿಕ ವೈವಿಧ್ಯದಲ್ಲಿ ಸುಮಾರು 85 ಪಾಲು ಒಂದೊಂದು ಜನಸಮುದಾಯದ ಒಳಗೇ ಇದೆ ಎಂದು ಆ ಲೆಕ್ಕ ಹೇಳಿತು. ಸಾಲೊನಿಕಾದ ಅಂಕಿಗಳ ಮೊದಲ ಓದನ್ನು ಜಗತ್ತು ಗಂಭೀರವಾಗಿ ಕೈಗೆತ್ತಿಕೊಳ್ಳಲು ಅರ್ಧ ಶತಮಾನವೇ ಬೇಕಾಯಿತು.

ಹಿರ್ಷ್‌ಫೆಲ್ಡ್ ಅದನ್ನು ಕಾಣಲಿಲ್ಲ, 1954ರಲ್ಲಿಯೇ ನಿಧನರಾದರು. ಯುದ್ಧಾನಂತರ ಪಾಳುಬಿದ್ದಿದ್ದ ವ್ರೊತ್ಸ್ವಾಫ್ ನಗರದಲ್ಲಿ ವೈದ್ಯಕೀಯ ಶಿಕ್ಷಣವನ್ನು ಮತ್ತೆ ಕಟ್ಟಿ ನಿಲ್ಲಿಸಿದವರಲ್ಲಿ ಅವರೊಬ್ಬರು. ಹಾನ್ನಾ ಅದೇ ನಗರದಲ್ಲಿ ಮಕ್ಕಳ ವೈದ್ಯೆಯಾಗಿ ದುಡಿದರು. ಲುಡ್ವಿಕರ ಕೊನೆಯ ವರ್ಷಗಳ ಸಂಶೋಧನೆಯೂ ರಕ್ತದ್ದೇ: ತಾಯಿಯ ರಕ್ತಕ್ಕೂ ಗರ್ಭದಲ್ಲಿರುವ ಕೂಸಿನ ರಕ್ತಕ್ಕೂ ಹೊಂದಾಣಿಕೆ ತಪ್ಪಿದಾಗ ಆ ಕೂಸನ್ನು ಹೇಗೆ ಬದುಕಿಸಿಕೊಳ್ಳುವುದು ಎಂಬುದು.