ನೇತಿ: ನೂಲಿನಿಂದ ಉಪ್ಪುನೀರಿಗೆ

ಉದ್ದ ಮೂತಿಯ ಪುಟ್ಟ ಗಿಂಡಿಯೊಂದನ್ನು ಹಿಡಿದು, ತಲೆಯನ್ನು ಓರೆಮಾಡಿ, ಮೂಗಿನ ಒಂದು ಹೊಳ್ಳೆಗೆ ಉಗುರುಬೆಚ್ಚಗಿನ ಉಪ್ಪುನೀರು ಹೊಯ್ದು ಇನ್ನೊಂದರಿಂದ ಇಳಿಸುವ ಜಲನೇತಿ ಯೋಗ ಶಿಬಿರಗಳನ್ನೂ ಪ್ರಕೃತಿ ಚಿಕಿತ್ಸಾಲಯಗಳನ್ನೂ ದಾಟಿ ಮನೆಯ ಬಚ್ಚಲಿಗೆ ಬಂದಿದೆ. ಸದಾ ಕಟ್ಟಿದ ಮೂಗು, ಹುಬ್ಬಿನ ಮೇಲೆ ಭಾರ, ಬಗ್ಗಿದರೆ ಕೆನ್ನೆಯಲ್ಲಿ ನೋವು ಎಂದು ನರಳುವವರಿಗೆ ನೆಂಟರೋ ನೆರೆಯವರೋ ಇದನ್ನು ಹೇಳಿಕೊಡುತ್ತಾರೆ. ಹೇಳುವಾಗ 'ಇದು ನಮ್ಮ ಋಷಿಮುನಿಗಳ ಕಾಲದ್ದು' ಎಂಬ ಮಾತು ಬಂದೇ ಬರುತ್ತದೆ. ಹಳೆಯ ಗ್ರಂಥಗಳನ್ನು ತೆರೆದು ನೋಡಿದರೆ ಮಾತ್ರ ಅಲ್ಲಿ ಗಿಂಡಿಯೂ ಇಲ್ಲ, ಉಪ್ಪೂ ಇಲ್ಲ.

ನೇತಿಯ ವಿವರಣೆಗೆ ಎಲ್ಲರೂ ಆಧಾರವಾಗಿ ಹಿಡಿಯುವುದು ಸ್ವಾತ್ಮಾರಾಮನ ಹಠಯೋಗ ಪ್ರದೀಪಿಕೆಯನ್ನು. ಇದು ಸುಮಾರು 15ನೆಯ ಶತಮಾನದ್ದು. ಧೌತಿ, ಬಸ್ತಿ, ನೇತಿ, ತ್ರಾಟಕ, ನೌಲಿ, ಕಪಾಲಭಾತಿ ಎಂಬ ಆರು ಶುದ್ಧಿಕ್ರಿಯೆಗಳನ್ನು ಅದರ ಎರಡನೆಯ ಅಧ್ಯಾಯ ಹೇಳುತ್ತದೆ. (ಉಪನಿಷತ್ತಿನ 'ನೇತಿ ನೇತಿ'ಗೂ ಈ ನೇತಿಗೂ ಸಂಬಂಧ ಹುಡುಕುವುದು ಬೇಡ, ಅದು ಬೇರೆ, ಇದು ಬೇರೆ.) ಇಲ್ಲಿ ನೇತಿಯೆಂದರೆ ಒಂದು ಗೇಣುದ್ದದ ನುಣುಪಾದ ನೂಲನ್ನು ಮೂಗಿನಲ್ಲಿ ತೂರಿಸಿ ಬಾಯಿಯಿಂದ ಹೊರಗೆಳೆಯುವುದು. ಇದರಿಂದ ಕಪಾಲ ಶುದ್ಧವಾಗುತ್ತದೆ, ದೃಷ್ಟಿ ಚುರುಕಾಗುತ್ತದೆ, ಹೆಗಲಿನಿಂದ ಮೇಲಿನ ರೋಗಗಳು ನೀಗುತ್ತವೆ ಎಂದು ಫಲಶ್ರುತಿ. ಇಂದು ಸೂತ್ರನೇತಿ ಎಂದು ಬೇರೆ ಹೆಸರಿನಿಂದ ಕರೆಸಿಕೊಳ್ಳುವುದೇ ಅಂದು ನೇತಿಯಾಗಿತ್ತು.

ಹಾಗಾದರೆ ನೀರು? ಅದೂ ಇದೆ, ಆದರೆ ಬೇರೊಂದು ಹೆಸರಿನಲ್ಲಿ. ಸುಮಾರು 1700ರ ವೇಳೆಗೆ ರೂಪುಗೊಂಡ ಘೇರಂಡ ಸಂಹಿತೆಯಲ್ಲಿ ಕಪಾಲಭಾತಿಯನ್ನು ಮೂರು ಬಗೆಯಾಗಿ ವಿಂಗಡಿಸಲಾಗಿದೆ. ಮೊದಲನೆಯದು ಉಸಿರಿನದು. ಎರಡನೆಯದಾದ ವ್ಯುತ್ಕ್ರಮದಲ್ಲಿ ಮೂಗಿನಿಂದ ನೀರೆಳೆದು ಬಾಯಿಯಿಂದ ಬಿಡಬೇಕು. ಮೂರನೆಯದಾದ ಶೀತ್ಕ್ರಮದಲ್ಲಿ ಬಾಯಿಂದ ಹೀರಿ ಮೂಗಿನಿಂದ ಬಿಡಬೇಕು. ಕಫದೋಷ ಹೋಗುತ್ತದೆಂಬ ಭರವಸೆ ಇಲ್ಲಿಯೂ ಉಂಟು. ಇನ್ನು ಆಯುರ್ವೇದ ಮೂಗನ್ನು ತಲೆಗೆ ಬಾಗಿಲೆಂದು ತಿಳಿದರೂ ಆ ಬಾಗಿಲಿನಲ್ಲಿ ಹೆಚ್ಚಾಗಿ ಒಳಬಿಟ್ಟದ್ದು ನಸ್ಯವನ್ನು, ಅಂದರೆ ಔಷಧಿಯ ಎಣ್ಣೆ, ರಸ, ಪುಡಿಗಳನ್ನು. ಚರಕ ಸಂಹಿತೆಯ ಅಣುತೈಲ ಇಂದಿಗೂ ಬಳಕೆಯಲ್ಲಿದೆ.

ಪ್ರದೀಪಿಕೆಯ ಇನ್ನೊಂದು ಮಾತನ್ನು ನಮ್ಮ ಶಿಬಿರಗಳಲ್ಲಿ ಅಷ್ಟಾಗಿ ಹೇಳುವುದಿಲ್ಲ. ಈ ಆರು ಕ್ರಿಯೆಗಳು ಮೇದಸ್ಸು, ಕಫ ಹೆಚ್ಚಾದವರಿಗೆ. ದೋಷಗಳು ಸಮನಾಗಿರುವವರು ಮಾಡಬೇಕಾಗಿಲ್ಲ ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಪ್ರಾಣಾಯಾಮವೊಂದೇ ಸಾಕು, ಬೇರೆ ಕ್ರಿಯೆ ಬೇಡವೆನ್ನುವ ಆಚಾರ್ಯರೂ ಇದ್ದಾರೆಂದು ಒಪ್ಪಿಕೊಳ್ಳುತ್ತದೆ. ಎಲ್ಲರೂ ದಿನವೂ ಹಲ್ಲುಜ್ಜಿದಂತೆ ಮೂಗು ತೊಳೆಯಬೇಕೆಂಬ ವಾದ ಆಮೇಲಿನದು.

ಉಪ್ಪಿನ ಕತೆಗೆ ನಾವು ಯೂರೋಪಿನ ಕಡೆ ಹೋಗಬೇಕಾಗುತ್ತದೆ. ಮೂಗಿನಲ್ಲಿ ನೀರು ತುಂಬಿದರೆ ವಾಸನೆಯ ಶಕ್ತಿ ಏನಾಗುತ್ತದೆಂದು ಜರ್ಮನಿಯ ಲೈಪ್‌ಜಿಗ್‌ನ ಶರೀರಶಾಸ್ತ್ರಜ್ಞ ಇ.ಎಚ್. ವೆಬರ್ 1847ರಲ್ಲಿ ಪರೀಕ್ಷಿಸುತ್ತಿದ್ದ. ಬಾಯಿಯಿಂದ ಉಸಿರಾಡುವಾಗ ಅಂಗುಳಿನ ಹಿಂಭಾಗದ ಮೃದುವಾದ ಪರದೆ ಮೇಲೆದ್ದು ಗಂಟಲಿನ ದಾರಿ ಮುಚ್ಚುವುದರಿಂದ ಒಂದು ಹೊಳ್ಳೆಗೆ ಹೊಯ್ದ ನೀರು ಗಂಟಲಿಗಿಳಿಯದೆ ಇನ್ನೊಂದು ಹೊಳ್ಳೆಯಿಂದ ಹೊರಬೀಳುತ್ತದೆ ಎಂಬುದು ಆಗ ಕಂಡುಬಂತು. ಜಲನೇತಿ ಹೇಳಿಕೊಡುವವರು 'ಬಾಯಿ ತೆರೆದಿರಿ' ಎಂದು ಮತ್ತೆ ಮತ್ತೆ ಎಚ್ಚರಿಸುವುದರ ಗುಟ್ಟು ಇದೇ. ಲಂಡನ್ನಿನಲ್ಲಿ ನೆಲೆಸಿದ್ದ ಜರ್ಮನ್ ವೈದ್ಯ ಥೂಡಿಖುಮ್ 1864ರಲ್ಲಿ ಇದನ್ನೇ ಚಿಕಿತ್ಸೆಯಾಗಿ ಪ್ರಚಾರಕ್ಕೆ ತಂದ. ಎತ್ತರದಲ್ಲಿಟ್ಟ ಪಾತ್ರೆಯಿಂದ ರಬ್ಬರ್ ಕೊಳವೆಯ ಮೂಲಕ ಮೂಗಿಗೆ ನೀರಿಳಿಸುವ ಈ ಸಾಧನ ಬೇಗನೆ ಹರಡಿತು.

ಬರಿಯ ನೀರು ಮೂಗಿಗೆ ಹೋದರೆ ನೆತ್ತಿಗೇರಿದಂತೆ ಉರಿಯುತ್ತದೆ. ಕೆರೆಯಲ್ಲಿ ಈಜು ಕಲಿತವರಿಗೆಲ್ಲ ಇದು ಗೊತ್ತು. ಸಪ್ಪೆ ನೀರನ್ನು ಮೂಗಿನ ಒಳಪದರದ ಜೀವಕೋಶಗಳು ಹೀರಿ ಉಬ್ಬುತ್ತವೆ. ರಕ್ತದ ಲವಣಾಂಶಕ್ಕೆ ಸರಿಹೊಂದುವ ಉಪ್ಪುನೀರಿನ ಪ್ರಮಾಣ ಶೇಕಡ 0.9ರ ಆಸುಪಾಸು ಎಂದು ಡಚ್ ವಿಜ್ಞಾನಿ ಹ್ಯಾಂಬರ್ಗರ್ 19ನೆಯ ಶತಮಾನದ ಕೊನೆಯಲ್ಲಿ ತೋರಿಸಿಕೊಟ್ಟ. ಆಸ್ಪತ್ರೆಯಲ್ಲಿ 'ಸಲೈನ್' ಎಂದು ಏರಿಸುವುದೂ ಈ ಪ್ರಮಾಣದ್ದೇ. ಮನೆಯ ಲೆಕ್ಕದಲ್ಲಿ ಅರ್ಧ ಲೀಟರ್ ನೀರಿಗೆ ತಲೆತಟ್ಟಿದ ಒಂದು ಸಣ್ಣ ಚಮಚ ಪುಡಿಯುಪ್ಪು.

ಭಾರತದಲ್ಲಿ ಹಳೆಯ ಕ್ರಿಯೆಗಳನ್ನು ಹೊಸ ವೈದ್ಯಶಾಸ್ತ್ರದ ಒರೆಗೆ ಹಚ್ಚುವ ಕೆಲಸವನ್ನು ಸ್ವಾಮಿ ಕುವಲಯಾನಂದರು 1924ರಲ್ಲಿ ಲೋನಾವಳದಲ್ಲಿ ಕೈವಲ್ಯಧಾಮ ಸ್ಥಾಪಿಸಿ ಆರಂಭಿಸಿದರು. 1960ರ ದಶಕದಿಂದೀಚೆಗೆ ಮುಂಗೇರಿನ ಬಿಹಾರ ಯೋಗ ವಿದ್ಯಾಲಯದಂಥ ಸಂಸ್ಥೆಗಳು ಜಲನೇತಿಯನ್ನು ಸಾಮಾನ್ಯರಿಗೂ ಕಲಿಸಿದವು. ಇಂದಿನ ಜಲನೇತಿಯನ್ನು ಹಠಯೋಗಕ್ಕೂ ಆಧುನಿಕ ವೈದ್ಯಕ್ಕೂ ಹುಟ್ಟಿದ ಕೂಸು ಎಂದರೆ ತಪ್ಪಾಗದು. ಹಾಗೆಂದ ಮಾತ್ರಕ್ಕೆ ಅದರ ಬೆಲೆಯೇನೂ ಕಡಿಮೆಯಾಗುವುದಿಲ್ಲ.

ಪ್ರಯೋಜನ ಇರುವುದು ನಿಜ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 76 ಮಂದಿ ಸೈನಸ್ ರೋಗಿಗಳ ಮೇಲೆ ನಡೆಸಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಆರು ತಿಂಗಳು ದಿನವೂ ಶೇಕಡ 2ರ ಉಪ್ಪುನೀರಿನಿಂದ ಮೂಗು ತೊಳೆದವರಿಗೆ ತೊಂದರೆ ತಗ್ಗಿತ್ತು, ಆ್ಯಂಟಿಬಯಾಟಿಕ್ ಬಳಕೆಯೂ ಇಳಿದಿತ್ತು. ನೀರು ಸೈನಸ್ಸಿನ ಗೂಡುಗಳ ಒಳಕ್ಕೆ ಅಷ್ಟಾಗಿ ಹೋಗುವುದಿಲ್ಲ. ಅವುಗಳ ಬಾಗಿಲಲ್ಲಿ ಅಂಟಿದ ಸಿಂಬಳ, ಧೂಳುಗಳನ್ನು ತೊಳೆದು ದಾರಿ ಬಿಡಿಸುತ್ತದೆ, ಅಷ್ಟೆ. 2007ರಲ್ಲಿ ಓಪ್ರಾ ವಿನ್‌ಫ್ರೇ ಅವರ ಟಿ.ವಿ. ಕಾರ್ಯಕ್ರಮದಲ್ಲಿ ನೇತಿಯ ಗಿಂಡಿ ಕಾಣಿಸಿಕೊಂಡ ಮೇಲಂತೂ ಅಮೆರಿಕದ ಔಷಧಿ ಅಂಗಡಿಗಳಲ್ಲಿ ಅದಕ್ಕೆ ಭಾರಿ ಬೇಡಿಕೆ ಬಂತು.

ನಾಲ್ಕು ವರ್ಷಗಳ ನಂತರ, 2011ರಲ್ಲಿ, ಲೂಸಿಯಾನಾ ರಾಜ್ಯದಲ್ಲಿ ಇಬ್ಬರು ಸತ್ತರು. ಇಬ್ಬರೂ ಮನೆಯ ನಲ್ಲಿ ನೀರನ್ನು ಕಾಯಿಸದೆ ಗಿಂಡಿಗೆ ಹಾಕಿದ್ದರು. ನೇಗ್ಲೇರಿಯಾ ಫೌಲೆರಿ ಎಂಬ ಅಮೀಬಾ ಬೆಚ್ಚಗಿನ ಸಿಹಿನೀರಿನಲ್ಲಿ ಬದುಕುತ್ತದೆ. ಕುಡಿದರೆ ಏನೂ ಮಾಡದು. ಮೂಗಿನ ಮೇಲ್ಭಾಗಕ್ಕೆ ಏರಿದರೆ ವಾಸನೆಯ ನರದ ಜಾಡು ಹಿಡಿದು ಮಿದುಳಿಗೆ ಹೋಗುತ್ತದೆ. ಆ ಮೇಲೆ ಉಳಿಯುವವರು ವಿರಳ. ಪಾಕಿಸ್ತಾನದ ಕರಾಚಿಯಲ್ಲಿ 2008ರಿಂದೀಚೆಗೆ ಕಂಡ ಹಲವು ಪ್ರಕರಣಗಳಲ್ಲಿ ರೋಗಿಗಳು ಈಜಿದವರೇ ಅಲ್ಲ. ನಮಾಜಿಗೆ ಮುನ್ನ ಮೂಗಿಗೆ ನೀರೇರಿಸಿ ಶುದ್ಧಿ ಮಾಡಿಕೊಳ್ಳುವಾಗ ನಲ್ಲಿಯ ನೀರಿನಿಂದ ಸೋಂಕು ತಗಲಿರಬೇಕೆಂದು ವೈದ್ಯರು ಶಂಕಿಸಿದರು. ನೆರೆಯ ಕೇರಳದಲ್ಲಿ 2024 ಮತ್ತು 2025ರಲ್ಲಿ ಅಮೀಬಾದಿಂದ ಬರುವ ಮಿದುಳು ಜ್ವರ ಜನರನ್ನು ಕಂಗೆಡಿಸಿತು. ಅಲ್ಲಿ ಸಂಶಯ ಹೋದದ್ದು ಕೆರೆ, ಬಾವಿಗಳ ಮೇಲೆ.

ಇದು ಅತಿ ಅಪರೂಪದ ರೋಗ. ಇದಕ್ಕೆ ಹೆದರಿ ಜಲನೇತಿಯನ್ನು ಬಿಡಬೇಕಿಲ್ಲ, ನೀರನ್ನು ಕಾಯಿಸಿದರಾಯಿತು. ಉಗುರುಬೆಚ್ಚಗೆ ಮಾಡಿದರೆ ಸಾಲದು. 3ರಿಂದ 5 ನಿಮಿಷ ಮರಳಿಸಿ ಆರಿಸಬೇಕು ಎಂಬುದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಸೂಚನೆ. ಮನೆಯ ಸಾಧಾರಣ ಫಿಲ್ಟರನ್ನು ನಂಬುವಂತಿಲ್ಲ. ಕುಡಿಯಲು ತಕ್ಕ ನೀರೆಲ್ಲ ಮೂಗಿಗೆ ತಕ್ಕುದಲ್ಲ. ಗಿಂಡಿಯನ್ನೂ ಪ್ರತಿಸಲ ತೊಳೆದು ಒಣಗಿಸಬೇಕು. ತೊಳೆದಾದ ಮೇಲೆ ಮುಂದಕ್ಕೆ ಬಗ್ಗಿ ಮೆಲ್ಲಗೆ ಉಸಿರು ಬಿಟ್ಟು ಉಳಿದ ನೀರನ್ನು ಹೊರಹಾಕಬೇಕೇ ಹೊರತು ಎರಡೂ ಹೊಳ್ಳೆಗಳನ್ನು ಒತ್ತಿ ಜೋರಾಗಿ ಸೀಟಬಾರದು. ಸೀಟಿದರೆ ನೀರು ಕಿವಿಯ ಕೊಳವೆಗೆ ನುಗ್ಗುತ್ತದೆ. ಥೂಡಿಖುಮ್‌ನ ಸಾಧನ ಜನಪ್ರಿಯವಾದ ಕೆಲವೇ ವರ್ಷಗಳಲ್ಲಿ ಕಿವಿಯ ವೈದ್ಯರು ಅದರ ಮೇಲೆ ಹೊರಿಸಿದ ದೂರೂ ಇಂಥದೇ ಆಗಿತ್ತು.