ವ್ಯಾನ್ ಹೆಲ್ಸಿಂಗ್‌ನ ಲಂಡನ್ ಅಧ್ಯಾಯ: ರಾಕ್ಷಸನಿಗೆ ಕತೆ ಸಿಕ್ಕಿತು, ಸತ್ತವರಿಗೆ?

2004ರಲ್ಲಿ ಬಂದ ಹಾಲಿವುಡ್ ಸಿನಿಮಾ ‘ವ್ಯಾನ್ ಹೆಲ್ಸಿಂಗ್’ ನೋಡಿದವರಿಗೆ ಅದರ ಪ್ಯಾರಿಸ್ ದೃಶ್ಯ ನೆನಪಿರಬಹುದು. ನೋತ್ರ್ ದಾಮ್ ಚರ್ಚಿನ ಗಂಟೆಗೋಪುರದಲ್ಲಿ ನಾಯಕ ಹ್ಯೂ ಜಾಕ್‌ಮನ್‌ಗೂ ಆನೆ ಗಾತ್ರದ ಮಿಸ್ಟರ್ ಹೈಡ್‌ಗೂ ಹೊಡೆದಾಟ. ಮಾತಿನ ಮಧ್ಯೆ ಇಬ್ಬರೂ ಲಂಡನ್ನಿನಲ್ಲಿ ಹಿಂದೊಮ್ಮೆ ಎದುರಾದದ್ದು ಸುಳಿದುಹೋಗುತ್ತದೆ. ಅಲ್ಲಿ ಏನಾಗಿತ್ತು ಅಂತ ಸಿನಿಮಾ ಹೇಳುವುದಿಲ್ಲ. ಹೈಡ್ ಸಾಯುತ್ತಾನೆ, ಕತೆ ಟ್ರಾನ್ಸಿಲ್ವೇನಿಯಾ ಕಡೆ ಹೊರಟುಬಿಡುತ್ತದೆ.

ಲಂಡನ್ನಿನಲ್ಲಿ ಏನಾಗಿತ್ತು ಅನ್ನೋದಕ್ಕೆ ಉತ್ತರ ಬೇರೊಂದು ಡಿವಿಡಿಯಲ್ಲಿತ್ತು. ಅದರ ಹೆಸರು ‘ವ್ಯಾನ್ ಹೆಲ್ಸಿಂಗ್: ದಿ ಲಂಡನ್ ಅಸೈನ್‌ಮೆಂಟ್’, ಸುಮಾರು ಅರ್ಧ ಗಂಟೆಯ ಅನಿಮೇಷನ್ ಚಿತ್ರ. ಡಿವಿಡಿ ಬಾಡಿಗೆಗೆ ತರುತ್ತಿದ್ದ ಕಾಲದಲ್ಲಿ ನಾನು ಅದನ್ನು ನೋಡಿದ್ದೆ, ನೋಡಿ ಮರೆತೂ ಬಿಟ್ಟಿದ್ದೆ. ಈಚೆಗೆ ಮತ್ತೆ ನೋಡಿದಾಗ ಇದರ ಬಗ್ಗೆ ಕನ್ನಡದಲ್ಲಿ ಒಂದಿಷ್ಟು ಮಾಹಿತಿ ಇರಲಿ ಅನ್ನಿಸಿತು. ಜೊತೆಗೆ ಒಂದು ತಕರಾರೂ ಇದೆ, ಅದನ್ನು ಕೊನೆಗೆ ಹೇಳುತ್ತೇನೆ.

ಏನಿದು ಚಿತ್ರ?

ಸ್ಟೀಫನ್ ಸೋಮರ್ಸ್ ನಿರ್ದೇಶನದ ಮೂಲ ಸಿನಿಮಾ ಅಮೆರಿಕದಲ್ಲಿ ತೆರೆಕಂಡದ್ದು 2004ರ ಮೇ 7ರಂದು. ಅದೇ ತಿಂಗಳಲ್ಲಿ, ಚಿತ್ರಮಂದಿರದ ಗೊಡವೆಯೇ ಇಲ್ಲದೆ, ಈ ಅನಿಮೇಷನ್ ನೇರವಾಗಿ ಡಿವಿಡಿಯಲ್ಲಿ ಬಂತು. ನಿರ್ದೇಶಕಿ ಶಾರನ್ ಬ್ರಿಡ್ಜ್‌ಮನ್. ಬರೆದವರು ಜೂಡಿತ್ ಮತ್ತು ಗಾರ್ಫೀಲ್ಡ್ ರೀವ್ಸ್-ಸ್ಟೀವನ್ಸ್ ದಂಪತಿ, ‘ಸ್ಟಾರ್ ಟ್ರೆಕ್’ ಕಾದಂಬರಿಗಳಿಂದ ಹೆಸರಾದವರು.

ಇಂಥ ಅಗ್ಗದ ಜೋಡಿಚಿತ್ರಗಳಲ್ಲಿ ದೊಡ್ಡ ನಟರು ದನಿ ಕೊಡೋದು ಅಪರೂಪ. ಇಲ್ಲಿ ಕೊಟ್ಟಿದ್ದಾರೆ. ವ್ಯಾನ್ ಹೆಲ್ಸಿಂಗ್‌ಗೆ ಹ್ಯೂ ಜಾಕ್‌ಮನ್ ಅವರದೇ ದನಿ. ಆಯುಧ ಮಾಡಿಕೊಡುವ ಸನ್ಯಾಸಿ ಕಾರ್ಲ್‌ಗೆ ಡೇವಿಡ್ ವೆನ್‌ಹ್ಯಾಮ್, ಹೈಡ್‌ಗೆ ರಾಬಿ ಕೋಲ್‌ಟ್ರೇನ್. ಮೂವರೂ ಮೂಲ ಸಿನಿಮಾದಲ್ಲಿ ಅದೇ ಪಾತ್ರಗಳನ್ನು ಮಾಡಿದವರೇ. ಹಾಗಾಗಿ ಎರಡನ್ನೂ ಬೆನ್ನಿಗೆ ಬೆನ್ನು ನೋಡಿದರೆ ಕೊಂಡಿ ಎಲ್ಲೂ ಬಿಟ್ಟುಹೋದ ಹಾಗೆ ಅನ್ನಿಸುವುದಿಲ್ಲ.

ಕತೆ ಇಷ್ಟು. ಲಂಡನ್ನಿನ ಬಡವರ ಕೇರಿಯಲ್ಲಿ ಹೆಂಗಸರ ಕೊಲೆಗಳಾಗುತ್ತಿವೆ. ಕೊಲೆಗಾರನನ್ನು ಊರು ಜ್ಯಾಕ್ ದಿ ರಿಪ್ಪರ್ ಅಂತ ಕರೆಯುತ್ತಿದೆ. ವ್ಯಾಟಿಕನ್ನಿನ ಗುಪ್ತ ಸಂಘಟನೆ ವ್ಯಾನ್ ಹೆಲ್ಸಿಂಗ್ ಮತ್ತು ಕಾರ್ಲ್‌ರನ್ನು ಅಲ್ಲಿಗೆ ಕಳಿಸುತ್ತದೆ. ಕೊಲ್ಲುತ್ತಿರುವವನು ಹೈಡ್. ಅವನ ಇನ್ನೊಂದು ಮುಖವಾದ ಡಾಕ್ಟರ್ ಜೆಕಿಲ್‌ಗೆ ವಿಕ್ಟೋರಿಯಾ ರಾಣಿಯ ಮೇಲೆ ಪ್ರೇಮ. ವಯಸ್ಸಾದ ರಾಣಿಯನ್ನು ಮತ್ತೆ ಹರೆಯಕ್ಕೆ ತರುವ ಮದ್ದಿಗೆ ಆ ಹೆಂಗಸರ ಪ್ರಾಣವೇ ಸಾಮಗ್ರಿ. ಮದ್ದು ಕೆಲಸ ಮಾಡುತ್ತದೆ, ಆದರೆ ಅದರ ಗುಣ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಹೈಡ್ ತಪ್ಪಿಸಿಕೊಂಡು ಪ್ಯಾರಿಸ್ ಸೇರುತ್ತಾನೆ. ಅಲ್ಲಿಂದ ಮುಂದಿನದು ದೊಡ್ಡ ಸಿನಿಮಾ.

ಯಾಕೆ ಮಾಡಿದರು?

ಇದು ಸರಳ ವ್ಯಾಪಾರ. ಮೂಲ ಸಿನಿಮಾಕ್ಕೆ ಸುಮಾರು 16 ಕೋಟಿ ಡಾಲರ್ ಖರ್ಚಾಗಿತ್ತು. ಯೂನಿವರ್ಸಲ್ ಸ್ಟುಡಿಯೋಗೆ ಅದೊಂದೇ ಸಿನಿಮಾ ಆಗಿ ಉಳಿಯುವುದು ಬೇಕಿರಲಿಲ್ಲ, ಒಂದು ಮನೆತನವೇ ಬೇಕಿತ್ತು. ಹಾಗಾಗಿ ವಿಡಿಯೋ ಗೇಮ್ ಬಂತು. ಡಾರ್ಕ್ ಹಾರ್ಸ್ ಪ್ರಕಾಶನದಿಂದ ಕಾಮಿಕ್ಸ್ ಬಂತು. ಅನಿಮೇಷನ್ ಅದರ ಇನ್ನೊಂದು ಕೊಂಬೆ.

ದಾರಿ ತೋರಿಸಿದ್ದು ಹಿಂದಿನ ವರ್ಷದ ‘ದಿ ಅನಿಮ್ಯಾಟ್ರಿಕ್ಸ್’. 2003ರಲ್ಲಿ ಬಂದ ಆ 9 ಕಿರುಚಿತ್ರಗಳ ಪೈಕಿ ಒಂದರ ಕತೆ ಮುಗಿಯುವಲ್ಲಿಂದಲೇ ‘ಮ್ಯಾಟ್ರಿಕ್ಸ್ ರೀಲೋಡೆಡ್’ ಶುರುವಾಗುತ್ತದೆ. ಅದರ ಯಶಸ್ಸು ಕಂಡ ಯೂನಿವರ್ಸಲ್ 2004ರ ಬೇಸಿಗೆಯಲ್ಲಿ ಎರಡು ಸಲ ಇದೇ ಪ್ರಯೋಗ ಮಾಡಿತು: ಒಂದು ಇದು, ಇನ್ನೊಂದು ಪೀಟರ್ ಚುಂಗ್ ನಿರ್ದೇಶನದ ‘ಡಾರ್ಕ್ ಫ್ಯೂರಿ’, ರಿಡಿಕ್ ಸರಣಿಯ ಎರಡು ಸಿನಿಮಾಗಳ ನಡುವಿನ ಕತೆ.

ನಮ್ಮಲ್ಲೂ ಈ ತಂತ್ರ ಬಂದಿದೆ. ‘ಕಲ್ಕಿ 2898 ಎಡಿ’ ತೆರೆಗೆ ಬಂದದ್ದು 2024ರ ಜೂನ್ 27ಕ್ಕೆ. ಅದಕ್ಕೂ ಒಂದು ತಿಂಗಳು ಮೊದಲು ‘ಬುಜ್ಜಿ ಅಂಡ್ ಭೈರವ’ ಅನ್ನೋ ಅನಿಮೇಷನ್ ಪೂರ್ವಕತೆ ಅಮೆಜಾನ್ ಪ್ರೈಮ್‌ನಲ್ಲಿ ಬಂತು. ಲೆಕ್ಕ ಒಂದೇ: ಕತೆಯ ಬಾಲ ತೋರಿಸಿ ಟಿಕೆಟ್ ಮಾರೋದು.

ವ್ಯಾನ್ ಹೆಲ್ಸಿಂಗ್ ವಿಷಯದಲ್ಲಿ ಲೆಕ್ಕ ಪೂರ್ತಿ ಕೈಹಿಡಿಯಲಿಲ್ಲ. ಜಗತ್ತಿನಾದ್ಯಂತ ಸುಮಾರು 30 ಕೋಟಿ ಡಾಲರ್ ಬಂತು ನಿಜ, ಆದರೆ ವಿಮರ್ಶಕರು ಸಿನಿಮಾವನ್ನು ಹಿಂಡಿ ಹಾಕಿದರು. ಮುಂದಿನ ಭಾಗ ಬರಲೇ ಇಲ್ಲ. ಮನೆತನ ಕಟ್ಟಲು ಹೊರಟ ಕತೆಗೆ ಪೂರ್ವಜ ಸಿಕ್ಕಿದ, ವಾರಸುದಾರ ಸಿಗಲಿಲ್ಲ.

ಹಳೆಯ ಲಂಡನ್ ಎಷ್ಟು ನಿಜ?

ನನಗೆ ಈ ಚಿತ್ರದ ಅತ್ಯಂತ ಸ್ವಾರಸ್ಯದ ಭಾಗ ಇದೇ. ರಿಪ್ಪರ್, ಹೈಡ್ ಮತ್ತು ವ್ಯಾನ್ ಹೆಲ್ಸಿಂಗ್‌ರನ್ನು ಒಂದೇ ಕತೆಗೆ ತುರುಕಿದ್ದು ಹುಚ್ಚಾಟ ಅನ್ನಿಸಬಹುದು. ಇತಿಹಾಸ ನೋಡಿದರೆ ಅದು ಅಷ್ಟೇನೂ ಹುಚ್ಚಲ್ಲ.

ರಾಬರ್ಟ್ ಲೂಯಿ ಸ್ಟೀವನ್‌ಸನ್ ಬರೆದ ಜೆಕಿಲ್-ಹೈಡ್ ಕತೆ ಪ್ರಕಟವಾದದ್ದು 1886ರಲ್ಲಿ. ಅದು ಬೇಗನೆ ನಾಟಕವಾಯಿತು. ರಿಚರ್ಡ್ ಮ್ಯಾನ್ಸ್‌ಫೀಲ್ಡ್ ಎಂಬ ನಟ ಎರಡೂ ಪಾತ್ರ ಮಾಡುತ್ತಿದ್ದ. 1888ರ ಆಗಸ್ಟ್‌ನಲ್ಲಿ ಆ ನಾಟಕ ಲಂಡನ್ನಿನ ಲೈಸಿಯಂ ರಂಗಮಂದಿರಕ್ಕೆ ಬಂತು. ಅದೇ ಆಗಸ್ಟ್ 31ರ ಬೆಳಗಿನ ಜಾವ ವೈಟ್‌ಚಾಪೆಲ್‌ನಲ್ಲಿ ಮೇರಿ ಆ್ಯನ್ ನಿಕೋಲ್ಸ್ ಎಂಬ ಹೆಂಗಸಿನ ಕೊಲೆಯಾಯಿತು. ರಿಪ್ಪರ್‌ನದು ಅಂತ ಸಾಮಾನ್ಯವಾಗಿ ಒಪ್ಪುವ ಐದು ಕೊಲೆಗಳಲ್ಲಿ ಇದು ಮೊದಲನೆಯದು. ಪತ್ರಿಕೆಗಳು ಕೊಲೆಗಾರನನ್ನು ಹೈಡ್‌ಗೆ ಹೋಲಿಸಿದವು. ರಂಗದ ಮೇಲೆ ಅಷ್ಟು ಭೀಕರವಾಗಿ ಬದಲಾಗುವ ನಟನೇ ಕೊಲೆಗಾರ ಇರಬೇಕು ಅಂತ ದೂರು ಬರೆದವರೂ ಇದ್ದರು.

ಆಗ ಆ ಲೈಸಿಯಂ ರಂಗಮಂದಿರದ ವ್ಯವಹಾರ ನೋಡಿಕೊಳ್ಳುತ್ತಿದ್ದವರು ಯಾರು ಗೊತ್ತೇ? ಬ್ರಾಮ್ ಸ್ಟೋಕರ್. ಒಂಬತ್ತು ವರ್ಷಗಳ ನಂತರ, 1897ರಲ್ಲಿ, ‘ಡ್ರಾಕುಲಾ’ ಪ್ರಕಟಿಸಿದ ಅದೇ ಸ್ಟೋಕರ್. ವ್ಯಾನ್ ಹೆಲ್ಸಿಂಗ್ ಅವರ ಸೃಷ್ಟಿ. ಕಾದಂಬರಿಯಲ್ಲಿ ಅವನು ವಯಸ್ಸಾದ ಡಚ್ ಪ್ರೊಫೆಸರ್, ಹೆಸರು ಅಬ್ರಹಾಂ. ಸೋಮರ್ಸ್ ಅವನ ವಯಸ್ಸು ಇಳಿಸಿ, ಹೆಸರನ್ನು ಗೇಬ್ರಿಯಲ್ ಮಾಡಿ, ಕೈಗೆ ಯಂತ್ರದ ಬಿಲ್ಲು ಕೊಟ್ಟರು.

ಅಂದರೆ ಅನಿಮೇಷನ್‌ನವರು ಒಂದುಗೂಡಿಸಿದ ಮೂರು ಎಳೆಗಳೂ 1888ರ ಆ ಕೆಲವು ವಾರ ಲಂಡನ್ನಿನಲ್ಲಿ ಪರಸ್ಪರ ಕೂಗಳತೆಯಲ್ಲೇ ಇದ್ದವು. ವಿಕ್ಟೋರಿಯಾ ಹುಟ್ಟಿದ್ದು 1819ರಲ್ಲಿ, ಆಗ ಆಕೆಗೆ 69. ಗಂಡ ಆಲ್ಬರ್ಟ್ ತೀರಿಕೊಂಡು 26 ವರ್ಷ ದಾಟಿದ್ದರೂ ಕಪ್ಪುಡುಗೆ ಬಿಟ್ಟಿರಲಿಲ್ಲ. ಯೌವನ ಮರಳಿಸುವ ಕಲ್ಪನೆಗೆ ಅವಳನ್ನು ಆರಿಸಿದ್ದು ಬರಹಗಾರರ ಜಾಣತನ ಅಂತ ಒಪ್ಪಲೇಬೇಕು.

ಇನ್ನು ನನ್ನ ತಕರಾರು

ಪೂರ್ವಕತೆಗಳಿಗೆ ಒಂದು ಚಾಳಿ ಇದೆ. ರಾಕ್ಷಸನಿಗೆ ಒಂದು ಕಾರಣ ಕೊಡುತ್ತವೆ. ಅವನು ಸುಮ್ಮನೆ ಕೆಟ್ಟವನಲ್ಲ, ಅವನಿಗೊಂದು ನೋವಿತ್ತು, ಪ್ರೇಮವಿತ್ತು ಅನ್ನುತ್ತವೆ. ಕಲ್ಪಿತ ರಾಕ್ಷಸನಾದರೆ ಇದರಿಂದ ಯಾರಿಗೂ ನಷ್ಟವಿಲ್ಲ. ಡ್ರಾಕುಲಾನಿಗೆ ಎಷ್ಟು ಪ್ರೇಮಕತೆ ಬೇಕಾದರೂ ಕಟ್ಟಿ.

ಆದರೆ ರಿಪ್ಪರ್‌ನ ಕೊಲೆಗಳು ಕಲ್ಪನೆಯಲ್ಲ. ಮೇರಿ ಆ್ಯನ್ ನಿಕೋಲ್ಸ್, ಆ್ಯನಿ ಚಾಪ್‌ಮನ್, ಎಲಿಜಬೆತ್ ಸ್ಟ್ರೈಡ್, ಕ್ಯಾಥರೀನ್ ಎಡೋಸ್, ಮೇರಿ ಜೇನ್ ಕೆಲ್ಲಿ ಬದುಕಿದ್ದ ಹೆಂಗಸರು. ನಿಕೋಲ್ಸ್ ಐದು ಮಕ್ಕಳ ತಾಯಿ. ಆ ರಾತ್ರಿ ಛತ್ರದಂಥ ವಸತಿಯಲ್ಲಿ ಮಲಗಲು ಬೇಕಿದ್ದ ನಾಲ್ಕು ಪೆನ್ಸ್ ಕೈಯಲ್ಲಿ ಇಲ್ಲದೆ ಹೊರಗೆ ಬಂದವಳು. ಚಾಪ್‌ಮನ್ ಕೂಡ ಮಲಗುವ ದುಡ್ಡಿಲ್ಲದೆಯೇ ಬೀದಿಗೆ ಬಿದ್ದಿದ್ದಳು. ಅವಳು ಹಿಂದೆ ಕ್ರೋಷೆ ಹೆಣೆದು ಮಾರಿ ಹೊಟ್ಟೆ ಹೊರೆಯುತ್ತಿದ್ದವಳು. ಸ್ಟ್ರೈಡ್ ಸ್ವೀಡನ್‌ನಿಂದ ಬಂದಿದ್ದಳು. ಎಡೋಸ್ ಸಾಯುವ ಕೆಲವೇ ದಿನ ಮೊದಲು ಕೆಂಟ್‌ನ ತೋಟಗಳಲ್ಲಿ ಕೂಲಿ ಮಾಡಿ ವಾಪಸಾಗಿದ್ದಳು. ಇತಿಹಾಸಕಾರ್ತಿ ಹ್ಯಾಲಿ ರೂಬೆನ್‌ಹೋಲ್ಡ್ 2019ರಲ್ಲಿ ‘ದಿ ಫೈವ್’ ಎಂಬ ಪುಸ್ತಕ ಬರೆದು, ಕೊಲೆಗಾರನನ್ನು ಬದಿಗಿಟ್ಟು ಈ ಐವರ ಬದುಕನ್ನೇ ಹುಡುಕಿ ಕೊಟ್ಟರು. ಎಲ್ಲರನ್ನೂ ‘ವೇಶ್ಯೆಯರು’ ಅಂತ ಒಂದೇ ಚೀಲಕ್ಕೆ ಹಾಕಿದ್ದು ಸರಿಯಲ್ಲ, ಕನಿಷ್ಠ ಮೂವರ ವಿಷಯದಲ್ಲಿ ಅದಕ್ಕೆ ಪುರಾವೆಯೇ ಇಲ್ಲ ಅನ್ನೋದು ಅವರ ವಾದ.

ಅನಿಮೇಷನ್‌ನಲ್ಲಿ ಈ ಹೆಂಗಸರ ಜಾಗ ಯಾವುದು ನೋಡಿ. ಬಡವರ ಕೇರಿಯ ಹೆಣ್ಣುಗಳ ಪ್ರಾಣ ಹಿಂಡಿ ಅರಮನೆಯ ಹೆಣ್ಣಿಗೆ ಯೌವನ ಕೊಡುವ ಮದ್ದು! ಬಡತನವನ್ನೂ ಸಾಮ್ರಾಜ್ಯವನ್ನೂ ಒಂದೇ ಏಟಿಗೆ ಹಿಡಿಯಬಲ್ಲ ಕಲ್ಪನೆ ಬರಹಗಾರರ ಕೈಯಲ್ಲೇ ಇತ್ತು. ಅವರು ಅದನ್ನು ಮುಟ್ಟಿ ಬಿಟ್ಟುಬಿಟ್ಟರು. ಸತ್ತವರು ಕತೆಯಲ್ಲಿ ಕಚ್ಚಾ ಸಾಮಗ್ರಿಯಾಗಿಯೇ ಉಳಿದರು. ಕ್ಯಾಮೆರಾದ ಕಣ್ಣೆಲ್ಲ ಜೆಕಿಲ್‌ನ ಪ್ರೇಮ, ಹೈಡ್‌ನ ಗಾತ್ರ, ಕಾರ್ಲ್‌ನ ತಮಾಷೆಯ ಮೇಲೆ.

ಅರ್ಧ ಗಂಟೆಯ ಕಾರ್ಟೂನಿನಿಂದ ಇಷ್ಟೆಲ್ಲ ನಿರೀಕ್ಷಿಸಬೇಕೇ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಈ ಚಿತ್ರವನ್ನು ಬಹಿಷ್ಕರಿಸಿ ಅಂತ ನಾನು ಹೇಳುತ್ತಿಲ್ಲ, ಮಂಜು ಮುಸುಕಿದ ಆ ಬೀದಿಗಳು ಚೆನ್ನಾಗಿವೆ, ಕೋಲ್‌ಟ್ರೇನ್ ದನಿಗಾದರೂ ಒಮ್ಮೆ ನೋಡಬಹುದು. ಆದರೆ ಈಗ ನಮ್ಮಲ್ಲೂ ಪ್ರತಿ ದೊಡ್ಡ ಸಿನಿಮಾದ ಖಳನಿಗೂ ಒಂದು ಪೂರ್ವಕತೆ ಬೇಕು ಅನ್ನೋ ಕಾಲ ಬಂದಿದೆ. ನಿಜವಾದ ಕೊಲೆಗಳನ್ನು, ನಿಜವಾದ ಗಲಭೆಗಳನ್ನು ಅದಕ್ಕೆ ಹಿನ್ನೆಲೆಯಾಗಿ ಎಳೆದುಕೊಳ್ಳುವವರಿಗೆ ಈ ಹಳೆಯ ಡಿವಿಡಿ ಒಂದು ಪಾಠ. ಕೊಂದವನ ಮನಸ್ಸಿನಲ್ಲಿ ಏನಿತ್ತು ಅಂತ ಹೇಳಲು ಅರ್ಧ ಗಂಟೆ ಇದ್ದರೆ, ನಾಲ್ಕು ಪೆನ್ಸ್ ಇಲ್ಲದೆ ಬೀದಿಗೆ ಬಿದ್ದವಳ ಹೆಸರು ಹೇಳಲು ಒಂದು ನಿಮಿಷವಾದರೂ ಇರಬೇಕು.