ಚಿಗರಿಗೆ ಯಾವ ಕಾಡತೂಸು?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯಲ್ಲಿ ಕೃಷ್ಣಮೃಗ ಎಂದರೆ ಪುಸ್ತಕದ ಮಾತು. ಜನರ ಬಾಯಲ್ಲಿ ಅದು ಚಿಗರಿ, ಮರಾಠಿ ಮನೆಗಳಲ್ಲಿ ಕಾಳವೀಟ. ಹುಬ್ಬಳ್ಳಿ–ಧಾರವಾಡದ ಬಸ್ಸಿಗೆ ಆ ಹೆಸರಿಟ್ಟ ಮೇಲೆ ದಕ್ಷಿಣದವರಿಗೂ ಪದ ಪರಿಚಯವಾಯಿತು. ಪ್ರಾಣಿಯಷ್ಟೇ ಕಾಣುವುದಿಲ್ಲ. ಹಳೆಯ ವಾಡೆಗಳ ಪಡಸಾಲೆಯ ಗೋಡೆಯ ಮೇಲೆ ತಿರುಚಿದ ಒಂದು ಜೋಡಿ ಕೋಡು, ಅದರ ಕೆಳಗೆ ರೈಫಲ್ ಹಿಡಿದು ನಿಂತವರ ಮಸುಕು ಫೋಟೊ. ಬಹಳ ಕಡೆ ಉಳಿದದ್ದು ಅಷ್ಟೇ.

ಶಿಕಾರಿಯ ಹಳೆಯ ಪುಸ್ತಕಗಳಲ್ಲಿ ಮುಗಿಯದ ಒಂದು ವಾದವಿದೆ. ಜಿಂಕೆ ಗಾತ್ರದ ಪ್ರಾಣಿಗೆ ಮಧ್ಯಮ ಬೋರಿನ ರೈಫಲ್ ಸರಿ, ಆದರೆ ಅದರಲ್ಲಿ ಯಾವ ಕಾಡತೂಸು ಹಾಕಬೇಕು? ಹಗುರ ಗುಂಡೋ, ಭಾರದ್ದೋ? ಮೂತಿ ಮೆತ್ತಗಿರಬೇಕೋ, ಗಟ್ಟಿಯಾಗಿರಬೇಕೋ? ಇಂಗ್ಲೆಂಡು, ಅಮೆರಿಕದಲ್ಲಿ ಇದು ಶಿಕಾರಿಯವನ ಮತ್ತು ಅಂಗಡಿಯವನ ನಡುವಿನ ಮಾತು. ನಮ್ಮ ಐದು ತಾಲೂಕುಗಳ ಮಟ್ಟಿಗೆ ಈ ಆಯ್ಕೆಯನ್ನು ಮಾಡಿದ್ದು ಹೆಚ್ಚಾಗಿ ಸರ್ಕಾರ. ಯಾರು ಯಾವ ಗುಂಡು ಹಾರಿಸಬೇಕು, ಯಾರು ಹಾರಿಸಲೇಬಾರದು ಎಂಬುದು ಕಾಡಿನಲ್ಲಿ ತೀರ್ಮಾನವಾಗಲಿಲ್ಲ, ಕಚೇರಿಯಲ್ಲಿ ಆಯಿತು.

ಮೊದಲು ಪ್ರಾಣಿ ಮತ್ತು ನೆಲದ ಮಾತು. ಚಿಗರಿ ದಟ್ಟ ಕಾಡಿನದ್ದಲ್ಲ, ಬಯಲಿನದು. ಕೃಷ್ಣೆಯ ದಂಡೆ ಬಿಟ್ಟು ಅಥಣಿಯ ಪೂರ್ವಕ್ಕೆ, ವಿಜಯಪುರದ ಕಡೆ ಹೋದಂತೆ ಸಿಗುವ ಮಳೆ ಕಡಿಮೆಯ ಎರೆಭೂಮಿ ಅದಕ್ಕೆ ಹೇಳಿ ಮಾಡಿಸಿದಂಥದ್ದು. ಗಂಡು ಚಿಗರಿಯ ತೂಕ 35ರಿಂದ 45 ಕಿಲೋ, ಅಂದರೆ ಒಂದು ಒಳ್ಳೆಯ ಟಗರಿನಷ್ಟು. ಚಿಂಕಾರ ಅದಕ್ಕೂ ಸಣ್ಣದು. ಬಯಲಾದ್ದರಿಂದ ಅದು ಮನುಷ್ಯನನ್ನು ದೂರದಿಂದಲೇ ನೋಡುತ್ತದೆ, ನೂರು ನೂರೈವತ್ತು ಗಜದೊಳಗೆ ಬಿಟ್ಟುಕೊಳ್ಳುವುದು ಕಷ್ಟ. ಹುಲಿಗೆ, ಕಾಡೆಮ್ಮೆಗೆ ಬೇಕಾದ ದೊಡ್ಡ ಬೋರು ಇಲ್ಲಿ ವ್ಯರ್ಥ, ಚರೆ ಹಾರಿಸುವ 12 ಬೋರು ಅಲ್ಲಿಗೆ ಮುಟ್ಟುವುದಿಲ್ಲ. ಹಾಗಾಗಿ ಎಂಟು ಮಿಲಿಮೀಟರ್ ಆಸುಪಾಸಿನ ರೈಫಲ್ಲೇ ಬೇಕು. ಜಿಮ್ ಕಾರ್ಬೆಟ್ ಕೈಯಲ್ಲಿದ್ದ ರಿಗ್ಬಿ 275 ಈ ಜಾತಿಯದು, ಏಳು ಮಿಲಿಮೀಟರ್ ಮೌಸರ್ ಕಾಡತೂಸಿನ ಇಂಗ್ಲಿಷ್ ಹೆಸರು ಅದು. ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದದ್ದಕ್ಕೆ 1907ರಲ್ಲಿ ಅವರಿಗೆ ಬಂದ ಬಹುಮಾನವದು. ನಮ್ಮವರು ಪೊಲೀಸರ ಹೆಗಲ ಮೇಲೆ ನೋಡಿದ ಥ್ರೀ ನಾಟ್ ಥ್ರೀಯೂ ಅದೇ ಅಳತೆಗೆ ಸೇರಿದ್ದು. ಅದರ ನಳಿಗೆಯ ಒಳಅಳತೆ 0.303 ಇಂಚು, ಅಂದರೆ 7.7 ಮಿಲಿಮೀಟರ್.

ಇನ್ನು ಗುಂಡಿನ ಮೂತಿ. ಸೈನ್ಯದ ಗುಂಡಿಗೆ ಸೀಸದ ಮೇಲೆ ಪೂರ್ತಿ ಗಟ್ಟಿ ಲೋಹದ ಹೊದಿಕೆ ಇರುತ್ತದೆ. ಅದು ಚಿಗರಿಯ ಮೈಯಲ್ಲಿ ಸಣ್ಣ ತೂತು ಮಾಡಿ ಆಚೆ ಹೊರಟುಬಿಡುತ್ತದೆ. ಪ್ರಾಣಿ ಬೀಳುವುದಿಲ್ಲ, ಮೈಲುಗಟ್ಟಲೆ ಓಡಿ ಯಾವುದೋ ಹೊಲದ ಬದುವಿನಲ್ಲಿ ನರಳಿ ಸಾಯುತ್ತದೆ. ಆಚೆ ಹೋದ ಗುಂಡು ಹಿಂದಿದ್ದ ಇನ್ನೊಂದು ಚಿಗರಿಗೆ ತಗಲಬಹುದು, ಕಳೆ ತೆಗೆಯುತ್ತಿರುವವರಿಗೂ ತಗಲಬಹುದು. ರೈಫಲ್ ಗುಂಡು ಎರಡು ಮೂರು ಕಿಲೋಮೀಟರ್ ಸುಮ್ಮನೆ ಹೋಗುತ್ತದೆ, ಬಯಲು ಸೀಮೆಯಲ್ಲಿ ತಡೆಯಲು ಗುಡ್ಡವಿಲ್ಲ. ಅದಕ್ಕೇ ತಿಳಿದ ಶಿಕಾರಿಯವರು ಮೂತಿಯಲ್ಲಿ ಸೀಸವನ್ನು ಬರಿದಾಗಿ ಬಿಟ್ಟ ಮೆತ್ತನೆ ಗುಂಡನ್ನೇ ಕೇಳುತ್ತಿದ್ದರು. ಅದು ಮೈ ಹೊಕ್ಕೊಡನೆ ಅರಳುತ್ತದೆ, ತನ್ನ ವೇಗವನ್ನೆಲ್ಲ ಒಳಗೇ ಕಳೆದುಕೊಳ್ಳುತ್ತದೆ.

ಈ ಮೆತ್ತನೆ ಮೂತಿಗೂ ಭಾರತಕ್ಕೂ ನೇರ ನಂಟಿದೆ. ಕಲ್ಕತ್ತೆಯ ಹತ್ತಿರದ ಡಂಡಂ ಶಸ್ತ್ರಾಗಾರದಲ್ಲಿ 1890ರ ದಶಕದಲ್ಲಿ ಥ್ರೀ ನಾಟ್ ಥ್ರೀಗೆ ಇಂಥ ಗುಂಡು ತಯಾರಾಯಿತು. ವಾಯವ್ಯ ಗಡಿಯ ಯುದ್ಧಗಳಲ್ಲಿ ಗಟ್ಟಿ ಗುಂಡು ತಗಲಿದವನೂ ಮುಂದೆ ನುಗ್ಗಿ ಬರುತ್ತಾನೆ ಎಂಬುದು ಬ್ರಿಟಿಷರ ದೂರಾಗಿತ್ತು. 1899ರ ಹೇಗ್ ಸಮ್ಮೇಳನ ಮೈಯಲ್ಲಿ ಅರಳುವ ಗುಂಡನ್ನು ಯುದ್ಧದಲ್ಲಿ ಬಳಸಬಾರದೆಂದಿತು. ಮನುಷ್ಯನ ಮೇಲೆ ಕ್ರೂರವೆಂದು ನಿಷೇಧವಾದ ಅದೇ ಗುಂಡು ಪ್ರಾಣಿಯ ಮಟ್ಟಿಗೆ ಬೇಗ ಸಾಯಿಸುವ ಕಾರಣಕ್ಕೆ ದಯೆಯದ್ದು ಎನಿಸಿಕೊಂಡಿತು.

ಶಿಕಾರಿ ಮನೆಗಳಿಗೆ ಗೊತ್ತಿದ್ದ ಇನ್ನೆರಡು ಸಂಗತಿ ಇಲ್ಲೇ ಹೇಳಿಬಿಡುತ್ತೇವೆ. ಆಗಿನ ವಿಲಾಯತಿ ಕಾಡತೂಸಿನಲ್ಲಿದ್ದದ್ದು ಕಾರ್ಡೈಟ್ ಮದ್ದು. ಬಿಸಿಲು ಏರಿದಂತೆ ಅದರ ಒತ್ತಡವೂ ಏರುತ್ತದೆ. ಇಂಗ್ಲೆಂಡಿನ ಚಳಿಯಲ್ಲಿ ಸರಿಯಿದ್ದ ಕಾಡತೂಸು ಅಥಣಿಯ ಏಪ್ರಿಲ್‌ನಲ್ಲಿ ಕೋಣೆಗೆ ಕಚ್ಚಿಕೊಂಡು ಹೊರಬರದೆ ಕಾಡಬಹುದು. ಅದಕ್ಕೇ ಉಷ್ಣದೇಶಗಳಿಗೆಂದು ಮದ್ದು ಕಡಿಮೆ ತುಂಬಿದ ಕಾಡತೂಸುಗಳನ್ನು ಬೇರೆಯಾಗಿ ಮಾಡುತ್ತಿದ್ದರು. ಎರಡನೆಯದು, ಆ ಕಾಲದ ಕೇಪಿನ ರಾಸಾಯನಿಕ ನಳಿಗೆಯೊಳಗೆ ಉಪ್ಪು ಬಿಡುತ್ತಿತ್ತು. ಶಿಕಾರಿಯಿಂದ ಬಂದ ದಿನವೇ ಕುದಿಯುವ ನೀರು ಹೊಯ್ದು ತೊಳೆಯದಿದ್ದರೆ ಒಳಗೆ ತುಕ್ಕು ಹಿಡಿಯುವುದು ಖಂಡಿತ. ಮಾಂಸ ಹಂಚುವ ಮೊದಲು ಬಂದೂಕಿಗೆ ನೀರು ಕಾಯಬೇಕಿತ್ತು.

ಇಷ್ಟೆಲ್ಲ ಆಯ್ಕೆ ಯಾರಿಗಿತ್ತು ಎಂಬಲ್ಲಿ ಇತಿಹಾಸ ಶುರುವಾಗುತ್ತದೆ. 1857ರಲ್ಲಿ ಕಂಪನಿ ಸರ್ಕಾರ ಆಯುಧ ನೋಂದಣಿಯ ಕಾಯ್ದೆ ತಂದಾಗ ನಮ್ಮ ಪಕ್ಕದ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಹತಾರ ಒಪ್ಪಿಸುವುದಿಲ್ಲ ಎಂದರು. ಬೇಟೆ ಅವರ ಬದುಕು, ಹತಾರ ಅವರ ಮಾನ. ಆ ವರ್ಷದ ನವೆಂಬರಿನಲ್ಲಿ ಸೈನ್ಯ ಬಂದು ಊರಿಗೆ ಬೆಂಕಿ ಇಟ್ಟಿತು, ಮುಂದಾಳುಗಳನ್ನು ಗಲ್ಲಿಗೇರಿಸಿತು. ಆ ಕತೆಯ ಲಾವಣಿಯನ್ನು ಮುಂದೆ ಫ್ಲೀಟ್ ಸಾಹೇಬರು ಸಂಗ್ರಹಿಸಿ ಅಚ್ಚು ಹಾಕಿಸಿದ್ದರಿಂದ ಹಲಗಲಿ ಎಲ್ಲರಿಗೂ ಗೊತ್ತು. ಆ ಲಾವಣಿಯ ಹಿಂದಿದ್ದದ್ದು ಒಂದು ಲೈಸೆನ್ಸ್ ಕಾಯ್ದೆ ಎಂಬುದು ಮಾತ್ರ ಮರೆತುಹೋಗುತ್ತದೆ.

ಬಳಿಕ ಬಂದ 1878ರ ಆಯುಧ ಕಾಯ್ದೆ ಇಡೀ ದೇಶಕ್ಕೆ ಪರವಾನಿಗೆ ಕಡ್ಡಾಯ ಮಾಡಿತು. ಕೊಡವರಿಗೆ ವಿನಾಯಿತಿ ಸಿಕ್ಕಿತು, ಅದು ಇಂದಿಗೂ ಇದೆ. ನಮ್ಮ ಸೀಮೆಯಲ್ಲಿ ಕಾಯ್ದೆಗೂ ಗಡಿಗಳಿದ್ದವು. ಚಿಕ್ಕೋಡಿ, ಅಥಣಿ ಬ್ರಿಟಿಷರ ಬೆಳಗಾವಿ ಜಿಲ್ಲೆಯ ತಾಲೂಕುಗಳು, ನಿಪ್ಪಾಣಿ ಚಿಕ್ಕೋಡಿಯೊಳಗೆ. ರಾಯಬಾಗ ಕೊಲ್ಲಾಪುರ ಮಹಾರಾಜರದ್ದು. ಕಾಗವಾಡದ ಬಾಜೂಕ್ಕೇ ಮಿರಜ, ಸಾಂಗ್ಲಿ, ಕುರುಂದವಾಡದ ಪಟವರ್ಧನರ ಸಂಸ್ಥಾನಗಳು. ಒಂದು ಚಿಗರಿ ಹಿಂಡು ಬೆಳಗಿನಿಂದ ಸಂಜೆಯೊಳಗೆ ಎರಡು ರಾಜ್ಯ ದಾಟಬಹುದಿತ್ತು. ಆಳುವ ರಾಜರಿಗೆ ಕಾಯ್ದೆಯಿಂದ ವಿನಾಯಿತಿ. ಬ್ರಿಟಿಷ್ ಹಳ್ಳಿಯ ದೇಸಾಯಿ, ಇನಾಮದಾರರು ಕಲೆಕ್ಟರ ಕಚೇರಿಗೆ ಅರ್ಜಿ ಹಾಕಬೇಕು. ರೈತನಿಗೆ ಸಿಕ್ಕರೆ ಬೆಳೆ ಕಾಯಲು ಬಾಯಿಂದ ಮದ್ದು ತುಂಬುವ ಒಂದು ನಳಿಗೆ.

ಪರವಾನಿಗೆ ಸಿಕ್ಕ ಮೇಲೂ ಬೋರು ನಿಮ್ಮಿಷ್ಟದ್ದಲ್ಲ. ಸೈನ್ಯದ ಗುಂಡು ಕಳವಾಗಿ ಖಾಸಗಿ ಬಂದೂಕಿಗೆ ಸೇರಬಾರದೆಂದು ಸರ್ಕಾರ ಮಿಲಿಟರಿ ಬೋರುಗಳನ್ನೇ ಜನರಿಗೆ ನಿಷೇಧಿಸಿತು. 20ನೇ ಶತಮಾನದ ಮೊದಲ ದಶಕದಲ್ಲಿ 450 ಬೋರಿನ ಆಮದು ನಿಂತಾಗ ಇಂಗ್ಲೆಂಡಿನ ಬಂದೂಕು ತಯಾರಕರು 470ರಂಥ ಹೊಸ ಅಳತೆಗಳನ್ನು ಹುಟ್ಟಿಸಿಕೊಂಡರು. ಚಿಗರಿಗೆ ಹೊಂದುವ ಥ್ರೀ ನಾಟ್ ಥ್ರೀಯೂ ಇದೇ ಬೇಲಿಯ ಆಚೆ ಉಳಿಯಿತು. ಅದರ ಬದಲಿಗೆ ಬಂದದ್ದು 315 ಬೋರು. ಮೂಲದಲ್ಲಿ ಅದು ಆಸ್ಟ್ರಿಯಾ ಸೈನ್ಯದ ಎಂಟು ಮಿಲಿಮೀಟರ್ ಮನ್‌ಲಿಖರ್ ಕಾಡತೂಸು. ಭಾರತದ ಸೈನ್ಯದಲ್ಲಿ ಅದು ಬಳಕೆಯಲ್ಲಿರಲಿಲ್ಲ, ಅದೇ ಅದರ ಯೋಗ್ಯತೆ. ಗುಂಡಿನ ತೂಕ ಸುಮಾರು 16 ಗ್ರಾಂ, ಥ್ರೀ ನಾಟ್ ಥ್ರೀಯ ಆಗಿನ ಹೊಸ ಗುಂಡು ಹನ್ನೊಂದು ಗ್ರಾಂ ಚಿಲ್ಲರೆ. ಭಾರ ಹೆಚ್ಚು, ವೇಗ ಕಡಿಮೆ, ದೂರಕ್ಕೆ ಹೋದಂತೆ ಬೇಗ ಕೆಳಗಿಳಿಯುತ್ತದೆ. ಟಗರಿನಷ್ಟು ತೂಗುವ, ಬಯಲಲ್ಲಿ ದೂರ ನಿಲ್ಲುವ ಚಿಗರಿಗೆ ಬೇಕಾದದ್ದು ಇದಕ್ಕೆ ಪೂರ್ತಿ ಉಲ್ಟಾ. ಭಾರತದ ಜನಸಾಮಾನ್ಯರ ಶಿಕಾರಿ ರೈಫಲ್ ಎಂದೇ ಹೆಸರಾದ 315 ಹುಟ್ಟಿದ್ದು ಸರ್ಕಾರದ ಅಂಜಿಕೆಯಿಂದ ಎಂದು ನಾವು ಹೇಳುತ್ತೇವೆ.

ಕೊಲ್ಲಾಪುರದ ಅರಸರಿಗೆ ಗುಂಡೇ ಬೇಕಿರಲಿಲ್ಲ. ಅವರು ಪಳಗಿಸಿದ ಚೀತಾಗಳನ್ನು ಬಂಡಿಯಲ್ಲಿ ಕೂರಿಸಿಕೊಂಡು ಹೋಗಿ ಚಿಗರಿಯ ಮೇಲೆ ಬಿಡುತ್ತಿದ್ದರು. ದೇಶದಲ್ಲಿ ಚೀತಾ ಸಿಗದಾದಾಗ ಆಫ್ರಿಕದಿಂದ ತರಿಸಿದರು.

ಇದೇ ಬಯಲಲ್ಲಿ ಕಾಡತೂಸಿನ ಗೊಡವೆಯೇ ಇಲ್ಲದ ಇನ್ನೊಂದು ಕೈಯಿತ್ತು. ಹರಣಶಿಕಾರಿ ಎಂಬ ಹೆಸರಿನಲ್ಲೇ ಹರಣವಿದೆ. ಮರಾಠಿಯ ಫಾಸೆಪಾರಧಿ ಎಂಬಲ್ಲಿ ಫಾಸೆ ಎಂದರೆ ಉರುಲು. ನರದ ಉರುಲುಗಳನ್ನು ಸಾಲಾಗಿ ನೆಲಕ್ಕೆ ಬಡಿದು, ಪಳಗಿಸಿದ ಗಂಡು ಚಿಗರಿಯನ್ನು ಮುಂದೆ ಬಿಟ್ಟು ಹಿಂಡನ್ನು ಕೆರಳಿಸಿ ಹಿಡಿಯುವ ವಿದ್ಯೆ ಅವರದು. ದೂರಕ್ಕೆ ಹಾರುವ ಗುಂಡಿಲ್ಲ, ಗಾಯಗೊಂಡು ತಪ್ಪಿಸಿಕೊಳ್ಳುವ ಪ್ರಾಣಿಯೂ ಕಡಿಮೆ. ಆದರೆ ಅಪರಾಧಿ ಬುಡಕಟ್ಟುಗಳ ಕಾಯ್ದೆ 1911ರ ತಿದ್ದುಪಡಿಯೊಂದಿಗೆ ದೇಶವ್ಯಾಪಿಯಾದ ಮೇಲೆ ಪೊಲೀಸ್ ಹಾಜರಿ ಬಿದ್ದದ್ದು ಇವರಿಗೆ. ಹುಬ್ಬಳ್ಳಿ, ಗದಗಿನ ಸೆಟ್ಲಮೆಂಟುಗಳಲ್ಲಿ ಬೇಲಿಯೊಳಗೆ ಇರಿಸಿದ್ದೂ ಇವರನ್ನೇ. ಶಾಹೂ ಮಹಾರಾಜರು ತಮ್ಮ ರಾಜ್ಯದಲ್ಲಿ ಫಾಸೆಪಾರಧಿಗಳಿಗೆ ಚಾಕರಿ ಕೊಟ್ಟು ಕರೆದುಕೊಂಡದ್ದು ಆ ಕಾಲಕ್ಕೆ ಅಪರೂಪದ ನಡೆ. ಅಪರಾಧಿ ಎಂಬ ಪಟ್ಟಿಯಿಂದ ಅವರ ಹೆಸರು ಹೋದದ್ದು 1952ರಲ್ಲಿ. ರೈಫಲ್ಲಿನಿಂದ ಕೊಂದವನು ಶಿಕಾರಿ, ಉರುಲಿನಿಂದ ಹಿಡಿದವನು ಕಳ್ಳ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಇನ್ನೂ ಕೇಳುತ್ತದೆ. ಇದನ್ನು ನಾವು ಒಪ್ಪುವುದಿಲ್ಲ.

ಸ್ವಾತಂತ್ರ್ಯ ಬಂತು, 1949ರ ಮಾರ್ಚ್‌ನಲ್ಲಿ ಕೊಲ್ಲಾಪುರ ಮುಂಬೈ ರಾಜ್ಯಕ್ಕೆ ಸೇರಿ ರಾಯಬಾಗವೂ ಬೆಳಗಾವಿ ಜಿಲ್ಲೆಯದಾಯಿತು. 1951ರ ಮುಂಬೈ ವನ್ಯಪ್ರಾಣಿ ಕಾಯ್ದೆ ಶಿಕಾರಿಗೂ ಪ್ರತ್ಯೇಕ ಲೈಸೆನ್ಸ್ ತಂದಿತು. ನಿಷಿದ್ಧ ಬೋರಿನ ಪಟ್ಟಿಯನ್ನು ಮಾತ್ರ ಹೊಸ ಸರ್ಕಾರವೂ ಬಿಡಲಿಲ್ಲ. ಸೈನ್ಯಕ್ಕೆ ಥ್ರೀ ನಾಟ್ ಥ್ರೀ ಮಾಡುತ್ತಿದ್ದ ಬಂಗಾಳದ ಇಶಾಪುರ ಕಾರ್ಖಾನೆಯೇ ಅದೇ ಮಾದರಿಯ ಬಂದೂಕಿಗೆ 315ರ ನಳಿಗೆ ಕೂರಿಸಿ ಜನರಿಗೆ ಮಾರಿತು. ಎಲೀ–ಕೈನಾಕ್‌ನಂಥ ವಿಲಾಯತಿ ಕಾಡತೂಸಿನ ಆಮದು ಬಿಗಿಯಾದಂತೆ ಆಯ್ಕೆ ಸರ್ಕಾರಿ ಕಾರ್ಖಾನೆಗೆ ಬಂದು ನಿಂತಿತು. ರೈಫಲ್ ಸಿಗದವರು ಪುಣೆ ರಸ್ತೆಯ ಆ ತುದಿಯ ಖಡಕಿಯಲ್ಲಿ ತಯಾರಾದ ‘ಶಕ್ತಿಮಾನ್’ 12 ಬೋರಿನಲ್ಲಿ ಎಲ್‌ಜಿ, ಎಸ್‌ಜಿ ಎಂಬ ದಪ್ಪ ಚರೆಯ ಕಾಡತೂಸು ಕೇಳುತ್ತಿದ್ದರು. ನಲವತ್ತು ಗಜದಾಚೆ ಆ ಚರೆ ಚೆದುರುತ್ತದೆ. ಒಂದೆರಡು ಹರಳು ಹೊಟ್ಟೆಗೋ ಕಾಲಿಗೋ ತಗಲಿದ ಚಿಗರಿ ಓಡಿಹೋಗುತ್ತದೆ. ಅದಕ್ಕೆ ಜೀಪು, ರಾತ್ರಿಯ ಟಾರ್ಚು ಜೊತೆಯಾದ ಮೇಲೆ ಗಜಗಳ ಲೆಕ್ಕವೂ ಉಳಿಯಲಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಶಿಕಾರಿ ಮುಗಿಯಿತು. ಚಿಗರಿ, ಚಿಂಕಾರ ಎರಡೂ ಈಗ ಮೊದಲ ಅನುಸೂಚಿಯಲ್ಲಿವೆ. ಅಷ್ಟರಲ್ಲಿ ಬಯಲೂ ಬದಲಾಗತೊಡಗಿತ್ತು. ಉಗಾರದ ಸಕ್ಕರೆ ಕಾರ್ಖಾನೆ 1939ರದ್ದು, ಕೃಷ್ಣೆಯ ನೀರು ಹತ್ತಿದಲ್ಲೆಲ್ಲ ಕಬ್ಬು. ಬಯಲು ಬೇಕಾದ ಪ್ರಾಣಿಗೆ ಆಳೆತ್ತರದ ಕಬ್ಬಿನೊಳಗೆ ಜಾಗವಿಲ್ಲ, ಹಂದಿಗೆ ಬೇಕಾದಷ್ಟಿದೆ. ಚಿಂಕಾರ ನೋಡಬೇಕೆಂದರೆ ಈಗ ಮುಧೋಳ–ಬೀಳಗಿ ಸೀಮೆಯ ಯಡಹಳ್ಳಿ ವನ್ಯಧಾಮಕ್ಕೆ ಹೋಗಬೇಕು. ಹತಾರ ಒಪ್ಪಿಸದ ಹಲಗಲಿ ಇರುವುದೂ ಅದೇ ಸೀಮೆಯಲ್ಲಿ.

ಬಂದೂಕುಗಳು ಇನ್ನೂ ಕೆಲವು ಮನೆಗಳಲ್ಲಿವೆ. ಚುನಾವಣೆ ಘೋಷಣೆಯಾದರೆ ಪೊಲೀಸ್ ಠಾಣೆಗೆ ಜಮಾ ಆಗುತ್ತವೆ, ಫಲಿತಾಂಶದ ಮೇಲೆ ಮನೆಗೆ ಬರುತ್ತವೆ. 1962ರ ಆಯುಧ ನಿಯಮಗಳ ಪ್ರಕಾರ ಕೊಟ್ಟ ಹಳೆಯ ಪರವಾನಿಗೆಯಲ್ಲಿ ಬಂದೂಕು ಯಾತಕ್ಕೆ ಎಂಬುದಕ್ಕೆ ಮೂರು ಕಾರಣಗಳು ಅಚ್ಚಾಗಿವೆ: ಕ್ರೀಡೆ, ರಕ್ಷಣೆ, ಪ್ರದರ್ಶನ. ಅದರ ಜೊತೆಗೇ ಒಮ್ಮೆಗೆ ಎಷ್ಟು ಕಾಡತೂಸು ಇಟ್ಟುಕೊಳ್ಳಬಹುದು, ವರ್ಷಕ್ಕೆ ಎಷ್ಟು ಕೊಳ್ಳಬಹುದು ಎಂಬ ಎರಡು ಅಂಕಿಗಳೂ ಇರುತ್ತವೆ.